ಹಂದಿ ಕಟ್ಟಿದ್ದ ಕೊಳವೆ

ನಮ್ಮ ಇತೊಗೊನ್ ಕಡೆಯ ಬೆಟ್ಟಗಳಿಗೆ ಚಿನ್ನ ಹುಡುಕುವ ಕಂಪನಿಗಳು ಬರುತ್ತವೆ, ಕೈ ಕೊಡವಿಕೊಂಡು ಹೋಗುತ್ತವೆ. ಎಲ್ಪಿಡಿಯೊ ಬುಗ್ತೊಂಗ್ ಮಾತ್ರ ಹೋಗಲಿಲ್ಲ. ಅವನು ಭೂವಿಜ್ಞಾನಿ, ನಾನು ಅವನ ಕಲ್ಲು ಕೊಯ್ಯುವವನು. ಯಂತ್ರ ನೆಲದಾಳದಿಂದ ಕೊರೆದು ತೆಗೆದ ಕಲ್ಲಿನ ಕೋಲನ್ನು ಗರಗಸದಲ್ಲಿ ಉದ್ದಕ್ಕೆ ಸೀಳುವುದು ನನ್ನ ಕೆಲಸ. ಅರ್ಧ ಪರೀಕ್ಷೆಗೆ, ಅರ್ಧ ಪೆಟ್ಟಿಗೆಗೆ. ಹನ್ನೆರಡು ವರ್ಷ ಸೀಳಿದೆ. ಯಾವ ಅರ್ಧದಲ್ಲೂ ಹೇಳಿಕೊಳ್ಳುವಷ್ಟು ಚಿನ್ನ ಸಿಗಲಿಲ್ಲ. "ನೀನು ಕೈಯಿಟ್ಟ ಮೇಲೆ ಅದೆಲ್ಲಿ ಇದ್ದೀತು?" ಎನ್ನುತ್ತಾಳೆ ನನ್ನ ಹೆಂಡತಿ.

ಎಲ್ಪಿಡಿಯೊನ ಬಳಿ ಒಂದು ಟ್ಯಾಬ್ ಇತ್ತು. ಅಮೆರಿಕನ್ನರ ಕಾಲದ ಹಳೆಯ ಕಂಪನಿಯ ನಕಾಶೆಯನ್ನು ಅವನೇ ಕೂತು ಅದರೊಳಗೆ ಇಳಿಸಿದ್ದ. ಆಗಿನವರು ಕೊರೆದ ಗುಂಡಿಗಳು, ಅವುಗಳಲ್ಲಿ ಸಿಕ್ಕ ಚಿನ್ನದ ಎಳೆ, ನಾವು ಕೊರೆದದ್ದು, ಎಲ್ಲವೂ ಬಣ್ಣಬಣ್ಣವಾಗಿ ಪರದೆಯಲ್ಲಿ ಕಾಣುತ್ತಿತ್ತು. ಬೆಟ್ಟವನ್ನು ಬೆರಳಲ್ಲಿ, ಕೆಂಡದ ಮೇಲಿನ ಕೋಳಿಯ ಹಾಗೆ, ತಿರುಗಿಸುತ್ತಿದ್ದ. ಎಳೆ ಇರಬೇಕಾದಲ್ಲಿ ಕೊರೆದರೆ ಬರೀ ಬೂದು ಕಲ್ಲು. "ಸ್ವಲ್ಪದರಲ್ಲಿ ತಪ್ಪಿತು, ಮಾನೊಂಗ್," ಎನ್ನುತ್ತಿದ್ದ. ವಯಸ್ಸಿಗೆ ಅಣ್ಣನಾದ್ದರಿಂದ ನಾನು ಮಾನೊಂಗ್. ಓದಿಗೆ ದೊಡ್ಡವನಾದ್ದರಿಂದ ಅವನು ಸರ್.

ಕೊನೆಗೆ ಮನಿಲಾದ ಕಚೇರಿಯಿಂದ ಮಾತು ಬಂತು: ಇನ್ನೊಂದೇ ಗುಂಡಿ. ಚಿನ್ನ ಬಂದರೆ ಶಿಬಿರ ಉಳಿಯುತ್ತದೆ, ಇಲ್ಲದಿದ್ದರೆ ಬೀಗ.

ಹೊಸ ಗುಂಡಿ ಕೊರೆಯುವ ಮೊದಲು ಹಂದಿ ಬಲಿ ಕೊಟ್ಟು ಗತಿಸಿದ ಹಿರಿಯರನ್ನು ಕೇಳಬೇಕಲ್ಲ. ಹಂದಿ ಕೊಳ್ಳಲು ಮುದುಕಿ ತಕ್ಜಾಯ್ ಮನೆಗೆ ಇಬ್ಬರೂ ಹೋದೆವು. ಹಂದಿಯನ್ನು ಸಾಕುವವಳೂ ಅವಳೇ, ಅದರ ಪಿತ್ತಕೋಶ ನೋಡಿ ಶಕುನ ಹೇಳುವವಳೂ ಅವಳೇ. ಹಿತ್ತಲಲ್ಲಿ ಹಂದಿಯನ್ನು ನೆಲದಿಂದೆದ್ದ ತುಕ್ಕು ಹಿಡಿದ ಕಬ್ಬಿಣದ ಕೊಳವೆಗೆ ಕಟ್ಟಿದ್ದಳು. ಎಲ್ಪಿಡಿಯೊ ಕೆಸರಿನಲ್ಲಿ ಮಂಡಿಯೂರಿ ಕೊಳವೆ ಉಜ್ಜಿದ. ಹದಿನಾಲ್ಕು ಎಂಬ ಅಂಕಿ ಕಂಡಿತು.

"ಏನ್ ಸರ್, ಹಂದಿ ಬಿಟ್ಟು ಗೂಟ ನೋಡ್ತಿದೀರಿ?"

"ಮಾನೊಂಗ್, ಇದು ಹಳೇ ಕಂಪನಿಯ ಹದಿನಾಲ್ಕನೇ ಗುಂಡಿಯ ಬಾಯಿಗೆ ಹೂಡಿದ ಕೊಳವೆ. ಇದು ಇಲ್ಲಿರಬಾರದು." ಟ್ಯಾಬ್ ತೋರಿಸಿದ. ಅದರಲ್ಲಿ ಹದಿನಾಲ್ಕು ತೊರೆಯಾಚೆ, ಪೈನ್ ಮರಗಳ ನಡುವೆ ಇತ್ತು.

"ಹಂದಿ ಎಳ್ಕೊಂಡು ಬಂದಿರ್ಬೇಕು."

ಅವನು ನಗಲಿಲ್ಲ. ಹಳಬರು ಭೂಮಿಯನ್ನು ಅಳೆದ ಲೆಕ್ಕ ಒಂದು, ಉಪಗ್ರಹ ಅಳೆಯುವ ಲೆಕ್ಕ ಇನ್ನೊಂದು. ಅಂಕಿಗಳನ್ನು ಬದಲಿಸದೆ ಹಾಗೇ ಇಳಿಸಿದ್ದರಿಂದ ಚಿನ್ನದ ಎಳೆ ಪರದೆಯಲ್ಲಿ ಒಂದು ಗದ್ದೆಯಷ್ಟು ಪಕ್ಕಕ್ಕೆ ಸರಿದು ಕೂತಿತ್ತು. ಹನ್ನೆರಡು ವರ್ಷ ನಾವು ಕೊರೆದದ್ದೆಲ್ಲ ಆ ಸುಳ್ಳು ಎಳೆಯನ್ನು. ಇಳಿಸಿದವನು ಬೇರೆ ಯಾರಾದರೂ ಆಗಿದ್ದರೆ ಬಯ್ದಾದರೂ ಹಗುರವಾಗಬಹುದಿತ್ತು, ಪಾಪ.

"ಹಂದಿ ಬೇಕೋ ಬೇಡ್ವೋ?" ಎಂದಳು ಮುದುಕಿ.

"ಬೇಕು ಅಪೊ. ಗೂಟವೂ ಬೇಕು," ಎಂದ ಎಲ್ಪಿಡಿಯೊ. ಅಜ್ಜಿಯನ್ನು ನಾವು ಅಪೊ ಎನ್ನುತ್ತೇವೆ.

ಕೊನೆಯ ಗುಂಡಿಯ ಜಾಗ ಅವಳ ಹಿತ್ತಲಿಗೆ ಬದಲಾಯಿತು. ಹಂದಿ ಕೊಯ್ದಾಗ ಪಿತ್ತಕೋಶ ತುಂಬಿ ಮಿರಮಿರ ಮಿಂಚುತ್ತಿತ್ತು. "ಒಳ್ಳೇದು," ಎಂದಳು ತಕ್ಜಾಯ್. ನಾನು ಕೂಡ, ನಾಚಿಕೆಯಿಲ್ಲದೆ, ಎರಡು ಪಾಲು ಮಾಂಸ ತಿಂದು ಹಿರಿಯರನ್ನು ನಂಬಿದೆ.

ಯಂತ್ರ ನಡೆಸುವ ಗಾಸ್ಪರ್ ದಿನವೂ ಬೂದು ಕಲ್ಲು ತೆಗೆದ. ಆಮೇಲೆ ಬಿಳಿ ಕಲ್ಲು ಬಂತು, ಅದರಂಚಿನಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕಿ. ಎಲ್ಪಿಡಿಯೊ ಅದನ್ನು ನಾಲಿಗೆಯಿಂದ ಒದ್ದೆ ಮಾಡಿ ಬಿಸಿಲಿಗೆ ಹಿಡಿದ.

ಅಷ್ಟರಲ್ಲಿ ಯಂತ್ರ ಒಮ್ಮೆ ನರಳಿ ಸುಮ್ಮನಾಯಿತು. ಕೊರೆಯುವ ಸರಳು ತಾನಾಗಿ ಆಳೆತ್ತರ ಕೆಳಕ್ಕೆ ಜಾರಿತು. ಕೊರೆಯಲು ಒಳಗೆ ಬಿಟ್ಟ ನೀರು ಮೇಲೆ ಬರುವುದು ನಿಂತಿತು.

"ಕೆಳಗೆ ಟೊಳ್ಳು, ಸರ್," ಎಂದ ಗಾಸ್ಪರ್, ಟೋಪಿ ತೆಗೆದು.

ಸರಳು ಎಳೆದಾಗ ಅದರ ಬಾಯಲ್ಲಿ ಕಲ್ಲಿರಲಿಲ್ಲ. ಕೊಳೆತ ಪೈನ್ ಮರದ ತುಂಡು ಇತ್ತು. ಸುರಂಗಕ್ಕೆ ಆಸರೆ ಕೊಟ್ಟಿದ್ದ ಕಂಬ. ಯಾರೋ ಬಹಳ ಹಿಂದೆಯೇ ಒಳಹೊಕ್ಕು ಎಳೆಯನ್ನು ಗೋರಿಕೊಂಡು ಹೋಗಿದ್ದರು.

ನಾವೆಲ್ಲ ತಕ್ಜಾಯ್ ಮನೆಯ ಸೂರಿನ ಕೆಳಗೆ ಕೂತೆವು. ಸೂರಿನುದ್ದಕ್ಕೂ ಎಮ್ಮೆಕೊಂಬುಗಳು, ಹಳೆಯ ಔತಣಗಳ ನೆನಪಿಗೆ.

"ಅಪೊ, ಇಷ್ಟು ಎಮ್ಮೆ ಕಡಿಸಿದ್ದು ಯಾರು?" ಎಂದ ಎಲ್ಪಿಡಿಯೊ.

"ನಮ್ಮ ಮಾವನ ಅಪ್ಪ. ಎಲ್ಲಿಂದ ದುಡ್ಡು ತಂದನೋ ನಮಗ್ಯಾರಿಗೂ ಹೇಳ್ಲಿಲ್ಲ. ವಾರಗಟ್ಟಲೆ ಊರೆಲ್ಲ ತಿಂತಂತೆ."

ಎಲ್ಪಿಡಿಯೊ ಕೊಂಬುಗಳನ್ನೇ ನೋಡುತ್ತ ಕೂತ. ವರ್ಷಗಟ್ಟಲೆ ಅವನು ಅವುಗಳ ಕೆಳಗೆ ಕಾಫಿ ಕುಡಿದಿದ್ದ.

ಗಾಸ್ಪರ್ ಗೊಣಗಿದ: "ಪಿತ್ತ ತುಂಬಿತ್ತಲ್ಲ ಅಪೊ?"

"ಹಂದಿಯದ್ದು ತುಂಬಿತ್ತಪ್ಪ," ಎಂದು ಮುದುಕಿ ಒಳಗೆ ಹೋದಳು.

ಶಿಬಿರ ಬಿಚ್ಚುವ ದಿನ ಎಲ್ಪಿಡಿಯೊ ಎಲ್ಲ ಗುಂಡಿಗಳನ್ನೂ ಟ್ಯಾಬ್‌ನಲ್ಲಿ ಸರಿಯಾದ ಜಾಗಕ್ಕೆ ಸರಿಸಿದ. ಇನ್ನು ಅದನ್ನು ನೋಡುವವರು ಯಾರೂ ಇರಲಿಲ್ಲ. ಆಮೇಲೆ ಆ ಮರದ ತುಂಡನ್ನು ನನ್ನ ಗರಗಸದ ಬಳಿ ತಂದ.

"ಮಾನೊಂಗ್, ಇದನ್ನೂ ಸೀಳಿ."

"ಸರ್, ಇದು ಮರ."

"ಗುಂಡಿಯಿಂದ ಬಂದದ್ದು ತಾನೆ? ಅರ್ಧ ಪರೀಕ್ಷೆಗೆ, ಅರ್ಧ ಪೆಟ್ಟಿಗೆಗೆ."

ಗರಗಸ ಹಾಕಿದೆ. ಹಲ್ಲು ತಾಗಿದ್ದೇ ತಡ, ಮರ ಹಿಟ್ಟಾಗಿ, ಗರಗಸದ ನೀರಿನೊಂದಿಗೆ ಕಪ್ಪಗೆ ಹರಿದು ಚರಂಡಿ ಸೇರಿತು. ಎಲ್ಪಿಡಿಯೊ ಪರೀಕ್ಷೆಗೆ ಕಳಿಸುವ ಚೀಲದ ಬಾಯಿ ತೆರೆದು ಹಿಡಿದುಕೊಂಡೇ ನಿಂತಿದ್ದ.