ಕುಮುದಾ ಕೇಳದೆ ಬಿಟ್ಟ ಒಂದು ಮಾತು

ಹುಬ್ಬಳ್ಳಿಯ ಕುಮುದಾ ನಾಗಪುರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. ವರ್ಷಗಟ್ಟಲೆ ಒಣಗಿ ಬಿದ್ದಿದ್ದು, ಹನಿ ನೀರು ಸೋಕಿದರೆ ಮತ್ತೆ ಓಡಾಡುವ ಸೂಕ್ಷ್ಮಜೀವಿಗಳಿವೆ. ಅವನ್ನು ಕಾಯುವ ಪ್ರೋಟೀನುಗಳ ಆಕಾರವನ್ನು ಕಂಪ್ಯೂಟರಿನಲ್ಲಿ ಊಹಿಸಿ, ಯಾವುದು ಔಷಧಿಯನ್ನೂ ಬಿಸಿಯಿಂದ ಕಾಯಬಲ್ಲದೆಂದು ಆರಿಸುವುದು ಅವಳ ಕೆಲಸ.

ಆ ಕೆಲಸ ಹಿಡಿದದ್ದೇ ಗಂಡ ಗಿರಿಧರನಿಗಾಗಿ. ಅವನಿಗೆ ಹುಟ್ಟಿನಿಂದ ರಕ್ತ ಹೆಪ್ಪುಗಟ್ಟದ ಕಾಯಿಲೆ. ಪೆಟ್ಟಾದರೆ ಕೂಡಲೇ ಇಂಜೆಕ್ಷನ್ ಬೇಕು; ಆ ಔಷಧಿಯೂ ಪ್ರೋಟೀನೇ, ಬಿಸಿಗೆ ಕೆಡುತ್ತದೆ. ಅವನು ಉಮರೇಡಿನ ಕಲ್ಲಿದ್ದಲು ಗಣಿಯಲ್ಲಿ ನಕ್ಷೆ ತಯಾರಿಸುತ್ತಿದ್ದ. ವಾರವಿಡೀ ಅಲ್ಲಿದ್ದು ಶನಿವಾರ ನಾಗಪುರದ ಪ್ರತಾಪ ನಗರದ ಮನೆಗೆ ಬರುತ್ತಿದ್ದ.

"ನಿನ್ನ ಹುಳಕ್ಕ ಹೇಳು, ನನ್ನ ಔಷಧಾನೂ ಜಲ್ದಿ ಕಾಯಾಕ್ ಕಲೀಲಿ," ಎಂದು ನಗುತ್ತಿದ್ದ.

ಮೇ ತಿಂಗಳ ಒಂದು ಮಧ್ಯಾಹ್ನ ಅವನ ಫೋನು ಬಂತು. "ಜೀಪಿನ ಬಾಗಲಾ ತಲಿಗೆ ಬಡೀತು. ಇಂಜೆಕ್ಷನ್ ತಗೊಂಡೀನಿ, ಗಾಬರಿ ಆಗಬ್ಯಾಡ."

ಮೂರು ವಾರದಿಂದ ಕಾದಿದ್ದ ಫಲಿತಾಂಶ ಆಗಷ್ಟೇ ಪರದೆಯ ಮೇಲೆ ಬರುತ್ತಿತ್ತು. "ಚಲೋ ಆತು. ಮಲಕೊಳ್ರಿ, ಸಂಜಿಗೆ ಮಾತಾಡೂಣು," ಎಂದಳು. ಔಷಧಿ ಎಲ್ಲಿಟ್ಟಿದ್ದಿರಿ ಎಂದು ಕೇಳಲಿಲ್ಲ.

ತಲೆಯೊಳಗೆ ರಕ್ತ ಸೋರುತ್ತಲೇ ಇತ್ತು; ಸಂಜೆ ಅವನಿಗೆ ವಾಂತಿ ಶುರುವಾಯಿತು. ನಾಗಪುರ ತಲುಪುವ ಮುಂಚೆಯೇ ಆಂಬುಲೆನ್ಸಿನಲ್ಲಿ ಉಸಿರು ನಿಂತಿತು. ಕುಮುದಾ ಅವನ ಸಾಮಾನು ತರಲು ಉಮರೇಡಿಗೆ ಹೋದಾಗ ಅವನ ಜೊತೆಯವರು ಹೇಳಿದರು: ಕೋಣೆಯ ಫ್ರಿಜ್ ಕೆಟ್ಟಿತ್ತು, ಔಷಧಿ ಎರಡು ದಿನ ಕಾರಿನಲ್ಲೇ ಇತ್ತು. ಹೊರಗೆ ನಲವತ್ತಾರು ಡಿಗ್ರಿ.

ಹದಿನೈದು ದಿನದ ಮೇಲೆ ಕುಮುದಾ ಕೆಲಸಕ್ಕೆ ಮರಳಿದಳು. ಕಂಪ್ಯೂಟರ್ ಎಲ್ಲಕ್ಕಿಂತ ಮೇಲಿಟ್ಟಿದ್ದ ಪ್ರೋಟೀನು ಪ್ರಯೋಗಾಲಯದಲ್ಲಿ ಒಡೆದ ಹಾಲಿನಂತೆ ಗಂಟುಗಂಟಾಯಿತು. ಮುಂದಿನ ನಾಲ್ಕೂ ಸೋತವು. ದೀಪಾವಳಿಗೆ ಮುಂಚೆ ಆರನೆಯದು ಗೆದ್ದಿತು. ಅದರೊಡನೆ ಒಣಗಿಸಿದ ಔಷಧಿ ಹತ್ತು ದಿನ ಬಿಸಿಯಲ್ಲಿದ್ದರೂ ಕೆಡಲಿಲ್ಲ. ರೋಗಿಗಳಿಗೆ ಮುಟ್ಟಲು ಇನ್ನೂ ಎಷ್ಟೋ ವರ್ಷ ಬೇಕು. ಆದರೂ ಜೊತೆಗೆ ಕೆಲಸ ಮಾಡುವ ನಿಕಿತಾ ಖುಷಿಯಿಂದ ಅಪ್ಪಿಕೊಂಡಳು. ಕುಮುದಾ ಚೀಲ ಎತ್ತಿಕೊಂಡು ಮನೆಗೆ ಬಂದುಬಿಟ್ಟಳು.

ಅತ್ತೆ ಕಾಶಿಬಾಯಿ ಅಡುಗೆಮನೆಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ವಿಷಯ ಕೇಳಿ ಕೈ ನಿಲ್ಲಿಸಿದರು.

"ಇದು ಆಗ ಇದ್ದಿದ್ರ ಅಂವಾ ಉಳೀತಿದ್ನೇನವಾ?"

"ನಾ ಒಂದು ಮಾತು ಕೇಳಿದ್ರೂ ಉಳೀತಿದ್ರೇನೋ, ಅತ್ತಿ." ಕುಮುದಾ ಆ ಫೋನಿನ ಸಂಗತಿ ಪೂರ್ತಿ ಹೇಳಿದಳು. ಬೈಗುಳಕ್ಕೆ ಕಾದು ನಿಂತಳು.

ಕಾಶಿಬಾಯಿ ಸೊಪ್ಪನ್ನೇ ನೋಡುತ್ತಿದ್ದರು. "ಅವತ್ತ ನನಗೂ ಫೋನ್ ಮಾಡಿದ್ದ. ತಲಿಗೆ ಬಡೀತು ಅಂದ. ಉಂಡಿಯೇನು ಅಂತ ಕೇಳಿ ಇಟ್ಟಬಿಟ್ಟೆ."

ಐದು ತಿಂಗಳು ಅವರೂ ಇದನ್ನು ಯಾರಿಗೂ ಹೇಳಿರಲಿಲ್ಲ. ಕುಮುದಾ ಅವರ ಪಕ್ಕ ನೆಲದ ಮೇಲೆ ಕೂತಳು. ಗಿರಿಧರ ಹೋದ ಮೇಲೆ ಮೊದಲ ಸಲ ಇಬ್ಬರೂ ಒಟ್ಟಿಗೆ ಅತ್ತರು.