ಗಂಡನ ಗೋರಿಯ ಮೇಲಿನ ಕಾಂಡ್ಲಾ

ಮುಸ್ರಿಪಾಳಿಗೆ ಬೇಕಾಗಿದ್ದದ್ದು ಒಂದೇ: ಸತ್ತ ಮೇಲೆ ಗಂಡ ಕಸ್ದಿಯ ಪಕ್ಕದಲ್ಲಿ ಮಣ್ಣಾಗುವುದು. ನಮ್ಮ ಮೊರೊಲೋರಿನ ಖಬರಸ್ತಾನದಲ್ಲಿ ಅವನ ಎಡಕ್ಕೆ ಒಂದು ಆಳು ಮಲಗುವಷ್ಟು ಜಾಗ ಹಿಡಿದು, ಸುತ್ತ ಸುಣ್ಣ ಬಳಿದ ಕಲ್ಲು ನೆಟ್ಟಿದ್ದಳು. ಕಸ್ದಿ ದೋಣಿಯ ಎಂಜಿನಿಗೆ ಲುಂಗಿ ಸಿಕ್ಕಿ ಸತ್ತವನು. ಬದುಕಿದ್ದಾಗ ಅವನಿಗೂ ಇವಳಿಗೂ ಆಗಿಬರುತ್ತಿರಲಿಲ್ಲ. ಊರಿನ ಹೆಂಗಸರು ಇದನ್ನೇ ಎತ್ತಿ ಕೆಣಕುತ್ತಿದ್ದರು.

“ಅವನ ಜತೆ ಒಂದಿನ ನೆಟ್ಟಗೆ ಮಾತಾಡಿದ್ದು ನಾವು ನೋಡಿಲ್ಲ. ಈಗ್ಯಾಕೆ ಅವನ ಮಗ್ಗುಲು ಬೇಕು ನಿಂಗೆ?”

“ಜಗಳ ಅರ್ಧಕ್ಕೇ ನಿಂತಿದೆ ಕಣ್ರೇ,” ಎನ್ನುತ್ತಿದ್ದಳು ಮುಸ್ರಿಪಾ.

ಜಾವಾದ ಈ ಬಡಗಣ ಕರಾವಳಿಯಲ್ಲಿ ಸಮುದ್ರ ಯಾಕೆ ಒಳಗೆ ಬಂತು ಅನ್ನುವುದಕ್ಕೆ ನಾವು ಬೇಕಾದಷ್ಟು ಮೆರವಣಿಗೆ ಮಾಡಿ, ಬೇಕಾದಷ್ಟು ಲಾಠಿ ತಿಂದಿದ್ದೇವೆ. ಅದು ಬೇರೆ ಕತೆ. ಮುಸ್ರಿಪಾ ಎಲ್ಲ ಮೆರವಣಿಗೆಗೂ ಬಂದಳು. ಘೋಷಣೆ ಕೂಗಲಿಲ್ಲ, ದಾರಿಯುದ್ದಕ್ಕೂ ಬಿಸಿಲಿಗೆ ಬೈದಳು. ಸಮುದ್ರ ನಮ್ಮ ಮನವಿ ಓದಲಿಲ್ಲ. ಮೊದಲು ಸಿಗಡಿ ಕೆರೆ ನುಂಗಿತು, ಆಮೇಲೆ ರಸ್ತೆ. ಮನೆಗಳ ನೆಲ ಎತ್ತರಿಸಿ ಎತ್ತರಿಸಿ ಬಾಗಿಲು ಗಿಡ್ಡವಾಗಿ, ಸೊಂಟ ಬಗ್ಗಿಸದೆ ಯಾರ ಮನೆಗೂ ಹೋಗುವಂತಿರಲಿಲ್ಲ. ಕೊನೆಗೆ ಅಲೆ ಖಬರಸ್ತಾನಕ್ಕೆ ಬಂತು. ದೊಡ್ಡ ಭರತ ಬಂದಾಗಲೆಲ್ಲ ಗೋರಿಗಳ ಮಣ್ಣು ಕರಗತೊಡಗಿತು.

ಮಸೀದಿಯ ಹಿರಿಯ ಹಾಜಿ ಸುಬ್ಖಾನ್ ಪಂಚಾಯ್ತಿ ಕರೆದರು. ಎಲುಬುಗಳನ್ನು ಎತ್ತಿ ಮೇಲೂರಿನ ಸಾಮೂಹಿಕ ಖಬರಸ್ತಾನಕ್ಕೆ ಒಯ್ಯೋಣ ಅಂದರು. ಅಲ್ಲಿ ಯಾರ ಪಕ್ಕ ಯಾರು ಅಂತ ಕೇಳುವಂತಿಲ್ಲ. ಬಂದ ಸರದಿಗೆ ಸಾಲು. ಮುಸ್ರಿಪಾ ಎದ್ದು ನಿಂತಳು.

“ಬರೋ ರುವಾ ತಿಂಗಳ ತನಕ ಟೈಮ್ ಕೊಡಿ ಅಜ್ಜ.”

“ಸಮುದ್ರದ ಹತ್ರ ಕೇಳಮ್ಮ. ನಾನು ಕೊಡ್ತೀನಿ, ಅದು ಕೊಡ್ಬೇಕಲ್ಲ.”

ಹಾಗೆಂದರೂ ಕೊಟ್ಟರು. ರುವಾ ಅಂದರೆ ಉಪವಾಸದ ತಿಂಗಳಿಗೆ ಮುಂಚಿನದು, ಹಿರಿಯರ ತಿಂಗಳು. ಅಷ್ಟರಲ್ಲಿ ನೀರು ನಿಲ್ಲದಿದ್ದರೆ ಗೋರಿಗಳನ್ನು ಅಗೆಯುವುದು ಎಂದಾಯಿತು.

ಕಿನಾಂತಿಯನ್ನು ಕರೆತಂದವನು ನಾನು. ನಮ್ಮ ಮೆರವಣಿಗೆಗಳಿಗೆ ಬೆದರುಬೊಂಬೆ ಮಾಡಿಕೊಡುತ್ತಿದ್ದ ಶಿಲ್ಪಿ ಆಕೆ, ಸೆಮರಾಂಗಿನವಳು. ಈಚೆಗೆ ಕಲ್ಲು, ಲೋಹ ಎಲ್ಲ ಬಿಟ್ಟು, ನೀರು ಗಾಳಿ ಗಿಡಗಳೇ ಮಾಡಿ ಮುಗಿಸುವಂಥ ಕೃತಿಗಳ ಹುಚ್ಚು ಹಿಡಿಸಿಕೊಂಡಿದ್ದಳು. ಕೆಸರಿನ ಮೇಲೆ ಕೋಲಿನಿಂದ ಗೀರಿ ತೋರಿಸಿದಳು: ಖಬರಸ್ತಾನವನ್ನು ತಬ್ಬಿದ ಎರಡು ಉದ್ದ ತೋಳು, ಬಿದಿರ ಗೂಟ ಮತ್ತು ಕಡ್ಡಿಯ ತಡಿಕೆಯದು.

“ಬಿದಿರು ನಮ್ದು, ಮಣ್ಣು ಸಮುದ್ರದ್ದು ಅಕ್ಕಾ. ನಾವು ಶುರು ಮಾಡೋಣ, ಅದು ಮುಗಿಸ್ಲಿ.”

“ಅದಕ್ಕೆ ಅಷ್ಟು ಬುದ್ಧಿ ಇದ್ದಿದ್ರೆ ನನ್ನ ಅಡುಗೆಮನೆಗೆ ಯಾಕ್ ನುಗ್ತಿತ್ತು?” ಅಂದಳು ಮುಸ್ರಿಪಾ. ಆದರೂ ಕತ್ತಿ ತರಲು ಹೋದಳು. ಕಸ್ದಿಯ ಗೋರಿ ಆ ತೋಳುಗಳ ಒಳಗೆ ಬರುತ್ತಿತ್ತು.

ಬಲದ ತೋಳನ್ನು ಅವಳೇ ನೇಯ್ದಳು. ಏಡಿ ಹಿಡಿಯುವ ಬಿದಿರ ಗೂಡು ಹೆಣೆಯುವುದರಲ್ಲಿ ಅವಳದು ಎತ್ತಿದ ಕೈ. ಅವಳ ಹೆಣಿಗೆಯಲ್ಲಿ ಕಿರುಬೆರಳು ತೂರುತ್ತಿರಲಿಲ್ಲ. ಎಡದ ತೋಳು ಮೈದುನ ತಸ್ಮಿಜಾನನ ಪಾಲಿಗೆ ಬಂತು. ಅವನಂಥ ಮೈಗಳ್ಳ ನಮ್ಮೂರಲ್ಲಿ ಇನ್ನೊಬ್ಬನಿಲ್ಲ. ಕಡ್ಡಿಗಳನ್ನು ತುರುಕಿದ, ಎರಡು ಕಡೆ ಹಗ್ಗ ಬಿಗಿದ, ಲವಂಗದ ಸಿಗರೇಟು ಹಚ್ಚಿದ.

“ಏನೋ ಇದು, ತಡಿಕೆನೋ ಕಾಗೆಗೂಡೋ?”

“ಇರ್ಲಿ ಬಿಡಿ ಅತ್ತಿಗೆ. ಪಾಪ, ಸಮುದ್ರಕ್ಕೂ ಓಡಾಡೋಕೆ ದಾರಿ ಬೇಡ್ವಾ?”

ಕಿನಾಂತಿಗೂ ಮುಸ್ರಿಪಾಳ ತಡಿಕೆಯೇ ಚೆಂದ ಕಂಡಿತು. ಫೋಟೋ ತೆಗೆದದ್ದೆಲ್ಲ ಅದರದ್ದೇ. ನಾನೂ ಹೊಗಳಿದೆ.

ಪಡುಗಾಳಿ ಶುರುವಾಯಿತು. ಅಲೆ ಬಲದ ತಡಿಕೆಗೆ ಗೋಡೆಗೆ ಬಡಿದಂತೆ ಬಡಿದು, ಹಿಂದೆ ಹಾರಿ, ಬುಡದ ಕೆಸರನ್ನೆಲ್ಲ ಕೆರೆದುಕೊಂಡು ಹೋಯಿತು. ಗೂಟಗಳು ಒಂದೊಂದಾಗಿ ಅಡ್ಡಬಿದ್ದವು. ಎಡಗಡೆ ಅಲೆ ಸಂದುಗಳಲ್ಲಿ ನುಸುಳಿತು, ನುಸುಳುವಾಗ ಸುಸ್ತಾಯಿತು, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸಿ ವಾಪಸಾಯಿತು. ತಸ್ಮಿಜಾನನ ಕಾಗೆಗೂಡಿನ ಹಿಂದೆ ಮೊಳಕಾಲು ಹೂಳುವಷ್ಟು ಹೊಸ ಕೆಸರು.

ಮುಸ್ರಿಪಾ ಕೆಲವು ದಿನ ಮೈದುನನ ಜತೆ ಮಾತು ಬಿಟ್ಟಳು. ಆಮೇಲೆ ಬಂದು, ಉಳಿದಿದ್ದ ತನ್ನ ನೇಯ್ಗೆಯನ್ನು ತಾನೇ ಬಿಚ್ಚಿ ಹೊಸದಾಗಿ ಕೂತಳು. ಕೈ ಕೇಳಬೇಕಲ್ಲ? ಸಡಿಲ ಬಿಟ್ಟ ಕಡ್ಡಿಯನ್ನು ಬೆರಳು ತಂತಾನೇ ಬಿಗಿಯುತ್ತಿತ್ತು. ತಸ್ಮಿಜಾನ್ ದಂಡೆಯ ಮೇಲೆ ಕೂತು ಮೇಷ್ಟ್ರಾದ.

“ಇನ್ನೂ ಸಡಿಲ ಅತ್ತಿಗೆ! ಮನಸ್ಸಿಟ್ಟು ಮಾಡ್ಬೇಡಿ, ಕೆಟ್ಟೋಗತ್ತೆ!”

“ನಿನ್ನ ಹಲ್ಲು ಸಡಿಲ ಮಾಡ್ತೀನಿ, ಬಾ ಇಲ್ಲಿ.”

ಆ ಮಳೆಗಾಲ ಕಳೆಯುವಷ್ಟರಲ್ಲಿ ಎರಡೂ ತೋಳುಗಳ ನಡುವೆ ಮಣ್ಣು ಏರಿತು. ಗೋರಿಗಳ ಮೇಲೆ ಅಲೆ ಆಡುವುದು ನಿಂತಿತು. ಮಣ್ಣಿನ ಹಿಂದೆಯೇ ಬೀಜ ಬಂತು. ಹೊಳೆಬಾಯಿಯ ಉಪ್ಪುನೀರಲ್ಲೇ ಬೇರೂರಿ ನಿಲ್ಲುವ ಹಳೇ ಕಾಂಡ್ಲಾ ಮರಗಳಿಂದ ತೇಲಿಬಂದ, ಅವರೆಕಾಳಿನಂಥ ಬೀಜಗಳು ಕೆಸರು ಸಿಕ್ಕಲ್ಲೆಲ್ಲ ಕಚ್ಚಿಕೊಂಡು ಎರಡೆರಡು ಎಲೆ ಬಿಟ್ಟವು. ಬಯಲಲ್ಲಿ, ಗೋರಿಗಳ ಸಂದಿಯಲ್ಲಿ, ಗೋರಿಗಳ ಮೇಲೆ. ಯಾರೂ ನೆಟ್ಟದ್ದಲ್ಲ. ಕಿನಾಂತಿ ಈ ಸುದ್ದಿ ಕೇಳಿ ಫೋನಿನಲ್ಲೇ ಕುಣಿದಳು, ರುವಾ ಹಬ್ಬಕ್ಕೆ ಬರುತ್ತೇನೆ ಅಂದಳು.

ರುವಾ ಬಂತು. ಆ ತಿಂಗಳಲ್ಲಿ ಒಂದು ದಿನ ಊರಿಗೂರೇ ಖಬರಸ್ತಾನಕ್ಕೆ ಹೋಗಿ ಗೋರಿ ಶುಚಿ ಮಾಡಿ, ಹೂ ಎರಚಿ, ದುವಾ ಮಾಡಿ, ಅಕ್ಕಿಹಿಟ್ಟಿನ ಅಪೆಮ್ ಹಂಚಿಕೊಂಡು ತಿನ್ನುತ್ತೇವೆ. ಗೋರಿಯ ಮೇಲೆ ಹುಲ್ಲು ಬಿಟ್ಟವನ ಮನೆಗೆ ಹೆಣ್ಣು ಕೊಡಲೂ ಯೋಚಿಸುತ್ತಾರೆ. ಈ ಸಲ ಗೋರಿಗಳು ಒಣಗಿದ್ದ ಖುಷಿ ಬೇರೆ. ಹಾಜಿಗಳೇ ಮೊದಲು ಬಗ್ಗಿದರು. ಮೊಳೆತಿದ್ದ ಸಸಿಗಳನ್ನೆಲ್ಲ ಭಕ್ತಿಯಿಂದ, ಒಂದೂ ಬಿಡದೆ, ಬೇರುಸಮೇತ ಕಿತ್ತೆವು. ಎಲ್ಲರಿಗಿಂತ ಚುರುಕು ಮುಸ್ರಿಪಾಳದ್ದು. ಕಸ್ದಿಯ ಗೋರಿ, ಪಕ್ಕದ ಜಾಗ, ಎರಡನ್ನೂ ಅಂಗೈಯಂತೆ ನುಣುಪು ಮಾಡಿ ಹೂ ಎರಚಿದಳು.

ಕಿನಾಂತಿ ಬಂದಾಗ ಸಸಿಗಳ ರಾಶಿ ಸೊಂಟದೆತ್ತರ ಇತ್ತು. ಅವಳು ಅದರ ಪಕ್ಕ ಕುಕ್ಕರುಬಡಿದಳು.

“ಅಕ್ಕಾ, ಏನ್ ಮಾಡ್ಬಿಟ್ರಿ?”

“ಗೋರಿ ಕ್ಲೀನ್ ಮಾಡಿದ್ವಿ. ಯಾಕೆ, ನಿಮ್ಮ ಕಡೆ ಮಾಡಲ್ವಾ?”

“ತಡಿಕೆ ಹುಳು ಹಿಡಿದು ಬಿದ್ದೋಗೋಕೇ ಇರೋದು ಅಕ್ಕಾ. ಅಷ್ಟರಲ್ಲಿ ಇವು ಬೇರು ಬಿಡ್ಬೇಕಿತ್ತು. ಇವಿಲ್ದೆ ಈ ಮಣ್ಣನ್ನ ಹಿಡ್ಕೊಳ್ಳೋರು ಯಾರು?”

ಇದನ್ನು ಆಕೆ ಮೊದಲೇ ನಮಗೆ ಬಿಡಿಸಿ ಹೇಳಿರಲಿಲ್ಲ. ನಾವು ಹೀಗೆ ಮಾಡುತ್ತೇವೆಂದು ಅವಳಿಗೂ ಹೊಳೆದಿರಲಿಲ್ಲ. ಹಾಜಿಗಳು ಸಿಟ್ಟಾದರು.

“ಅಪ್ಪ ಅಮ್ಮನ ಎದೆ ಮೇಲೆ ಕಾಡು ಬೆಳೆಸೋದಾ? ಅವರು ಎದ್ದು ಬಂದು ನಮ್ಮ ಮುಖಕ್ಕೆ ಉಗೀತಾರೆ!”

ಗಲಾಟೆ ಎದ್ದಿತು. ಎಲುಬು ಮೇಲೂರಿಗೆ ಒಯ್ಯೋದೇ ಸರಿ ಅಂದರು ಕೆಲವರು. ಮುಸ್ರಿಪಾ ಮಾತ್ರ ಗಲಾಟೆಗೆ ಬೀಳದೆ ಕಿನಾಂತಿಯ ಹತ್ತಿರ ಹೋಗಿ ಕೂತಳು.

“ಇವು ಮರ ಆದ್ಮೇಲೆ, ಅಲ್ಲೊಂದು ಗುಂಡಿ ತೋಡೋಕಾಗತ್ತಾ?”

ಕಿನಾಂತಿ ಸುಣ್ಣದ ಕಲ್ಲುಗಳನ್ನು ನೋಡಿದಳು. ಅವುಗಳ ಸಂಗತಿ ಅವಳಿಗೆ ಗೊತ್ತಿತ್ತು.

“ಇಲ್ಲಕ್ಕ. ಬೇರು ಕಡಿದ್ರೆ ಮಣ್ಣು ಬಿಟ್ಕೊಳ್ಳತ್ತೆ.”

“ಆ ಜಾಗ ಒಂದನ್ನ ಬಿಟ್ಟು ಸುತ್ತ ಬೆಳೆಸಿದ್ರೆ?”

“ನೀರು ಬರೋದೇ ಆ ತೂತಲ್ಲಿ.”

ಮುಸ್ರಿಪಾ ಬೆರಳ ಸಂದಿನ ಕೆಸರು ತೆಗೆದು ಎದ್ದಳು. ಆಮೇಲೆ ರಾಶಿಯಿಂದ ಒಂದು ಹಿಡಿ ಸಸಿ ಎತ್ತಿಕೊಂಡು ಹೋಗಿ, ಕಸ್ದಿಯ ತಲೆದೆಸೆಗೆ ಒಂದು, ಕಾಲ್ದೆಸೆಗೆ ಒಂದು ಊರಿದಳು. ಪಕ್ಕದ ಜಾಗದ ಕಲ್ಲುಗಳನ್ನು ಅಲ್ಲಾಡಿಸಿ ಕಿತ್ತು ಬದಿಗಿಟ್ಟಳು. ಅಲ್ಲೂ ಸಸಿ ಊರಿದಳು.

ಹಾಜಿಗಳ ದನಿ ತಗ್ಗಿತು. “ಅದು ನೀನು ನಿನಗೆ ಅಂತ ಇಟ್ಕೊಂಡಿದ್ದಲ್ವೇನಮ್ಮ?”

“ಇವನಾದ್ರೂ ಇಲ್ಲಿ ಉಳೀಲಿ ಅಜ್ಜ. ಇಬ್ರಿಗೂ ಬೇಕು ಅಂತ ಕೂತ್ರೆ ಇಬ್ರೂ ಸಮುದ್ರಕ್ಕೆ.”

ಹಾಜಿಗಳು ರಾಶಿಯ ಮುಂದೆ ನಿಂತರು. ಅವರಪ್ಪನ ಗೋರಿಯ ತಲೆದೆಸೆಗೆ, ನಮ್ಮಲ್ಲಿ ಎಲ್ಲರೂ ನೆಡುವಂತೆ, ಒಂದು ದೇವಕಣಗಿಲೆ ಇತ್ತು. ಉಪ್ಪುನೀರು ಕುಡಿದು ಸತ್ತಿತ್ತು, ಬೋಳು ಕಾಂಡ ಮಾತ್ರ ನಿಂತಿತ್ತು.

“ಹುಲ್ಲಾದ್ರೆ ಕೀಳ್ಬೇಕು,” ಎಂದರು ಕೊನೆಗೆ. “ಗೋರಿ ಹತ್ರ ನೆಟ್ಟ ಮರಾನ ಯಾರೂ ಕಿತ್ತಿಲ್ಲ. ಉಪ್ಪುನೀರಿಗೆ ಬಾಳೋ ದೇವಕಣಗಿಲೆ ಇದು ಅಂದ್ಕೊಳ್ಳಿ. ನೆಡಿ.”

ತಸ್ಮಿಜಾನ್ ಗೊಣಗಿದ. “ಬೆಳಗ್ಗೆಯಿಂದ ಕಿತ್ತಿದ್ದು, ಈಗ ಮತ್ತೆ ನೆಡೋದಾ? ನಾನು ಕೂತೇ ಇದ್ದಿದ್ರೆ ಎರಡು ಕೆಲಸ ಉಳೀತಿತ್ತು.”

ನೆಟ್ಟದ್ದರಲ್ಲಿ ಅರ್ಧಕ್ಕರ್ಧ ಸತ್ತವು. ಅವುಗಳ ಜಾಗಕ್ಕೆ ಬೇರೆ ಬೀಜ ತೇಲಿಬಂತು. ತಡಿಕೆಗಳು ಹುಳು ತಿಂದು ಉದುರಿದವು, ಮಣ್ಣು ಹೋಗಲಿಲ್ಲ. ರಾಜಧಾನಿಯಿಂದ ಕಲಾಕೃತಿ ನೋಡಲು ಬಂದವರಿಗೆ ಕಿನಾಂತಿ ಗಿಡಗಳ ಕಡೆ ಕೈ ತೋರಿಸಿದಳು. ಅವರು, ಇದು ಸರಿ, ಬೇರೆ ಏನಾದರೂ ಇದೆಯಾ ಎಂದು ಕೇಳಿದರು. ಮುಸ್ರಿಪಾ ಅವರಿಗೆ ಏಡಿ ಸಾರು ಬಡಿಸಿ ಕಳಿಸಿದಳು.

ಹೋದ ವರ್ಷ ಅವಳು ಜ್ವರದಲ್ಲಿ ತೀರಿಕೊಂಡಳು. ಮೇಲೂರಿಗೆ ಹೊತ್ತುಕೊಂಡು ಹೋದೆವು, ನಾನೂ ಹೆಗಲು ಕೊಟ್ಟೆ. ಸರದಿಯಂತೆ ಸಿಕ್ಕ ಜಾಗ: ಒಂದು ಪಕ್ಕ ಬಸ್ ಡ್ರೈವರ್, ಇನ್ನೊಂದು ಪಕ್ಕ ಯಾವುದೋ ಊರಿನ ಮುದುಕಿ. ಈ ರುವಾದಲ್ಲಿ ಅವಳ ಗೋರಿಯ ಹುಲ್ಲು ಕಿತ್ತು ಬಂದೆವು. ಆಮೇಲೆ ದೋಣಿಯಲ್ಲಿ ಕಾಂಡ್ಲಾದ ಅಂಚಿಗೆ ಹೋಗಿ, ಬೇರಿಗೆ ಸಿಕ್ಕ ಪ್ಲಾಸ್ಟಿಕ್ ಬಿಡಿಸಿ, ಹೂ ಎರಚಿದೆವು. ಕಸ್ದಿ ಇರುವುದು ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಈಗ ತಸ್ಮಿಜಾನನಿಗೂ ಆಗುವುದಿಲ್ಲ. ಒಳಗೆಲ್ಲೋ ಇದ್ದಾನೆ.