ಶರಣಮ್ಮನ ಮಗಳ ತೂಕ

ಹಾಲು ಕುಡಿಯುವಾಗ ಮಗನ ಹಣೆ ಬೆವರುತ್ತಿತ್ತು. ಡಿಸೆಂಬರ್ ತಿಂಗಳು. ತೆಲುಗು ಸೀಮೆಯ ಮಣಿಕೊಂಡದ ನಮ್ಮ ಫ್ಲ್ಯಾಟಿನಲ್ಲಿ ಫ್ಯಾನ್ ಕೂಡ ಹಾಕುತ್ತಿರಲಿಲ್ಲ. ಆದರೂ ಬೆವರು. ನಾಲ್ಕು ಗುಟುಕು ಕುಡಿಯುತ್ತಿದ್ದ, ನಿಲ್ಲಿಸುತ್ತಿದ್ದ, ಏದುಸಿರು ಬಿಡುತ್ತಿದ್ದ, ಮತ್ತೆರಡು ಗುಟುಕು ಕುಡಿದು ನಿದ್ದೆ ಹೋಗುತ್ತಿದ್ದ. ಅರ್ಧ ಗಂಟೆಗೆ ಹಸಿದು ಏಳುತ್ತಿದ್ದ. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವ, "ಸುಖದ ಕೂಸು, ಕುಡಿಕೋತ ಮಲಗ್ತೈತಿ" ಅಂದಳು. ನಾನೂ ನಂಬಿದೆ. ಆರು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು ನಾನು. ಬೇರೆಯವರ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಮಡಿಲಲ್ಲಿದ್ದದ್ದು ಮಾತ್ರ ಕಾಣಲಿಲ್ಲ.

ಒಂದೂವರೆ ತಿಂಗಳ ಲಸಿಕೆಗೆ ಹೋದಾಗ ಡಾಕ್ಟರು ಮಗುವಿನ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಎಕೋ ಮಾಡಿಸಿ ಅಂದರು.

ಹೃದಯದಲ್ಲಿ ತೂತು. ದೊಡ್ಡದು.

ಕಾರ್ಡಿಯಾಲಜಿಸ್ಟ್ ತೆಲುಗಿನವರು, ಹೆಂಗಸು, ನಿಧಾನವಾಗಿ ಮಾತಾಡುವವರು. ತೂತಿನಿಂದಾಗಿ ಶ್ವಾಸಕೋಶಕ್ಕೆ ರಕ್ತ ಹೆಚ್ಚು ನುಗ್ಗುತ್ತಿದೆ, ಹಾಲು ಕುಡಿಯುವುದೆಂದರೆ ಇವನಿಗೆ ಓಟ ಓಡಿದ ಹಾಗೆ, ಕುಡಿದದ್ದಕ್ಕಿಂತ ಕುಡಿಯುವ ಶ್ರಮಕ್ಕೇ ಹೆಚ್ಚು ಖರ್ಚಾಗುತ್ತಿದೆ ಎಂದು ವಿವರಿಸಿದರು. ಆಪರೇಷನ್ ಮಾಡಿದರೆ ಸರಿಹೋಗುತ್ತದೆ, ಆದರೆ ತೂಕ ಐದು ಕಿಲೋ ಹತ್ತಿರ ಬರಲಿ, ಅಷ್ಟರೊಳಗೆ ನ್ಯುಮೋನಿಯಾ ಆಗದಿರಲಿ. ಅವನಿದ್ದದ್ದು ಮೂರು ಕಿಲೋ ನಾನೂರು ಗ್ರಾಂ.

ಮೂರು ಗಂಟೆಗೊಮ್ಮೆ ಹಾಲು. ಎದೆಯಿಂದ ಇಪ್ಪತ್ತೇ ನಿಮಿಷ. ಉಳಿದದ್ದನ್ನು ಹಿಂಡಿ, ಶಕ್ತಿಯ ಪುಡಿ ಬೆರೆಸಿ, ಮೂಗಿನಿಂದ ಹೊಟ್ಟೆಗೆ ಇಳಿಸಿದ ಟ್ಯೂಬಿನಲ್ಲಿ ಕೊಡಬೇಕು. ಸಿರಿಂಜನ್ನು ಒತ್ತಬಾರದು. ಎತ್ತಿ ಹಿಡಿದರೆ ಹಾಲು ತಾನಾಗಿ ಇಳಿಯುತ್ತದೆ. ನಾಲ್ಕನೇ ಇಯತ್ತೆ ಓದಿದ ಅವ್ವ ಎರಡೇ ದಿನದಲ್ಲಿ ಕಲಿತಳು. ಎಂಜಿನಿಯರಿಂಗ್ ಓದಿದ ನಾನು ಸಿರಿಂಜನ್ನು ಅವಳ ಕೈಗೇ ಕೊಡುತ್ತಿದ್ದೆ. ಮಗ ನನ್ನಿಂದ ಕುಡಿದದ್ದಕ್ಕಿಂತ ಅವ್ವ ಹಿಡಿದ ಸಿರಿಂಜಿನಿಂದ ಕುಡಿದದ್ದೇ ಹೆಚ್ಚು. ಅವ್ವನ ಮೇಲೆ ಹೊಟ್ಟೆಕಿಚ್ಚಾಯಿತು. ಆ ಟ್ಯೂಬಿನ ಮೇಲೂ ಆಯಿತು. ಕೆಳಗಿನ ಮನೆಯ ಮಗುವಿನ ಮಡಿಕೆ ಮಡಿಕೆ ತೊಡೆ ನೋಡಲಾಗದೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತತೊಡಗಿದೆ.

ಆದರೆ ಶರಣಮ್ಮನ ಮೇಲೆ ಪಟ್ಟ ಹೊಟ್ಟೆಕಿಚ್ಚಿನ ಮುಂದೆ ಇದೆಲ್ಲ ಏನೂ ಅಲ್ಲ.

ಪ್ರತಿ ಮಂಗಳವಾರ ಆಸ್ಪತ್ರೆಯಲ್ಲಿ ತೂಕ. ಸಾಲಿನಲ್ಲಿ ಕನ್ನಡ ಕೇಳಿ ತಿರುಗಿದೆ. ಯಾದಗಿರಿ ಕಡೆಯವಳು, ಇಪ್ಪತ್ತೆರಡರ ಹುಡುಗಿ. ನನ್ನ ಗಂಡ ಸುನೀಲ ಕೂತು ಕೆಲಸ ಮಾಡುವಂಥ ಗಾಜಿನ ಕಟ್ಟಡಗಳಿಗೆ ಕಬ್ಬಿಣ ಕಟ್ಟುವವನು ಅವಳ ಗಂಡ. ಮಗಳು ಭಾಗ್ಯ, ನನ್ನ ಮಗನದೇ ವಯಸ್ಸು, ಅದೇ ತೂತು. ಅವಳ ಮೂಗಿನಲ್ಲಿ ಟ್ಯೂಬಿಲ್ಲ. ಶರಣಮ್ಮ ಗೋಡೆಯ ಕಡೆ ತಿರುಗಿ, ಸೆರಗನ್ನು ಪೂರ್ತಿ ಮುಚ್ಚಿಕೊಂಡು ಎದೆಗೆ ಹಾಕಿಕೊಳ್ಳುತ್ತಿದ್ದಳು. ನನ್ನ ಕಣ್ಣು ತಾಗೀತೆಂಬ ಭಯ ಇವಳಿಗೆ ಅಂದುಕೊಂಡೆ. ಸಿಟ್ಟು ಬಂತು. ಯಾಕೆಂದರೆ ನನ್ನ ಕಣ್ಣು ನಿಜಕ್ಕೂ ಅಲ್ಲೇ ಇತ್ತು.

ಆ ವಾರ ಭಾಗ್ಯ ನೂರಾ ಇಪ್ಪತ್ತು ಗ್ರಾಂ ಏರಿದಳು. ನನ್ನ ಮಗ ಮೂವತ್ತು.

ನರ್ಸು ಭಾಗ್ಯಳ ಕೆನ್ನೆ ಹಿಂಡಿ "ಬಂಗಾರಂ" ಅಂದಳು. ನನ್ನ ಮಗನಿಗೆ ಏನೂ ಅನ್ನಲಿಲ್ಲ.

ಮನೆಗೆ ಬಂದವಳು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡೆ. ಕಟ್ಟಡದ ಹುಡುಗಿಯ ಮಗಳು ತಾಯಿಯ ಎದೆಯಿಂದ ಕುಡಿದು ಬೆಳೆಯಬಹುದಾದರೆ ನನ್ನ ಮಗನೇಕೆ ಬೆಳೆಯಬಾರದು? ಹೀಗೇ ಯೋಚಿಸಿದೆ, ಇದೇ ಮಾತುಗಳಲ್ಲಿ. ಈಗ ಬರೆಯಲು ನಾಚಿಕೆಯಾಗುತ್ತದೆ. ಇಪ್ಪತ್ತು ನಿಮಿಷ ನಲವತ್ತಾಯಿತು, ಐವತ್ತಾಯಿತು. ಅಂಗಾಲಿಗೆ ಬೆರಳಿನಿಂದ ಹೊಡೆದು ಎಚ್ಚರಿಸಿ ಕುಡಿಸಿದೆ. ಟ್ಯೂಬಿನ ಹಾಲನ್ನು ಅರ್ಧ ಮಾಡಿ, ಹೊಟ್ಟೆ ತುಂಬಿದೆ ಅಂತ ಅವ್ವನಿಗೆ ಸುಳ್ಳು ಹೇಳಿದೆ. ಬರೆದಿಡುವ ಚಾರ್ಟಿನಲ್ಲಿ ಮಾತ್ರ ಪ್ರತಿ ಸಲವೂ ಇಪ್ಪತ್ತು ನಿಮಿಷ.

ಮುಂದಿನ ಮಂಗಳವಾರ ಅವನು ತೊಂಬತ್ತು ಗ್ರಾಂ ಇಳಿದಿದ್ದ.

ಡಾಕ್ಟರು ಚಾರ್ಟ್ ನೋಡಿದರು, ಮಗುವನ್ನು ನೋಡಿದರು, ನನ್ನನ್ನು ನೋಡಿದರು. ಎಷ್ಟು ನಿಮಿಷ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಐವತ್ತು ಅಂದೆ. ಅವರು ಬೈಯಲಿಲ್ಲ. ಹೀಗೆ ಇಳಿದರೆ ಆಪರೇಷನ್ ಇನ್ನೂ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ, ಆ ಒಂದು ತಿಂಗಳು ಕಾಯಲು ಅವನಿಗಾಗದು ಅಂದರು. ಹೊರಗೆ ಬಂದು ಅವ್ವನಿಗೂ ಹೇಳಿದೆ. ಅವಳು ಚೀಲದಿಂದ ಸಿರಿಂಜ್ ತೆಗೆದು ಬಿಸಿನೀರಲ್ಲಿ ತೊಳೆಯಲು ಹೊರಟಳು. "ನೀ ಅವನ ತಾಯಿ ಅನ್ನೋದು ಯಾರಿಗಿ ತೋರ್ಸಬೇಕಾಗೇತಿ?" ಅಂತಷ್ಟೇ ಕೇಳಿದಳು.

ಅದೇ ದಿನ ಭಾಗ್ಯಳ ತೂಕ ಒಂದೇ ವಾರಕ್ಕೆ ಇನ್ನೂರೈವತ್ತು ಗ್ರಾಂ ಏರಿತ್ತು. ತಕ್ಕಡಿಯ ಅಂಕಿಯನ್ನು ಎರಡೆರಡು ಸಲ ಓದಿದೆ. ಈ ಸಲ ನರ್ಸು ಕೆನ್ನೆ ಹಿಂಡಲಿಲ್ಲ, ಓಡಿ ಹೋಗಿ ಡಾಕ್ಟರನ್ನು ಕರೆತಂದಳು. ಅವರು ಭಾಗ್ಯಳ ಊದಿದ ರೆಪ್ಪೆ ನೋಡಿದರು, ಹೊಟ್ಟೆ ಒತ್ತಿದರು, ಪಾದ ಒತ್ತಿದರು. ಒತ್ತಿದಲ್ಲಿ ಕುಳಿ ಬಿತ್ತು.

ಅದು ತೂಕವಲ್ಲ, ನೀರು.

ಅಡ್ಮಿಟ್ ಮಾಡಿಕೊಂಡರು. ಶರಣಮ್ಮನ ಗಂಡ ಕೆಲಸದಿಂದ ಬರುವವರೆಗೆ ಅವಳ ಜೊತೆ ಕಾರಿಡಾರಿನಲ್ಲಿ ಕೂತೆ, ಅವಳಿಗೂ ನರ್ಸಿಗೂ ನಡುವೆ ತೆಲುಗು-ಕನ್ನಡ ಮಾಡುತ್ತ. ದೃಷ್ಟಿ ಗಿಷ್ಟಿ ಅಂದರೆ ನಗುವವಳು ನಾನು. ಆದರೂ ಬಾಯಿ ತಡೆಯಲಿಲ್ಲ. "ಶರಣಮ್ಮ, ನನ್ನ ಕಣ್ಣ ತಾಗೇತಿ ನಿನ್ನ ಮಗಳಿಗೆ" ಅಂದೆ.

ಅವಳು ಮೂಗು ಒರೆಸಿಕೊಂಡಳು. "ನಿಮ್ಮ ಕಣ್ಣ ತಾಗಿದ್ರ ಸೊರಗಬೇಕಿತ್ತಲ್ರಿ ಅಕ್ಕೋರ. ಇದು ಬಾತೈತಿ" ಅಂದಳು. ಆಮೇಲೆ ತಾನೇ ಹೇಳಿದಳು. "ಆಕಿ ಕುಡಿತಿದ್ದಿಲ್ರಿ. ಬಾಯಾಗ ಇಟ್ಕೊಂಡು ಸುಮ್ಮನ ಮಲಗ್ತಿದ್ಳು. ನಿಮಗ ಕಾಣಬಾರ್ದಂತ ಸೆರಗ ಮುಚ್ತಿದ್ದೆ. ನಮ್ಮತ್ತಿ ಮೂಗಿನಾಗ ನಳಿಗಿ ಬ್ಯಾಡಂದ್ಳು. ನಿಮ್ಮ ಕೂಸು ನಿದ್ದಿಯಾಗೂ ನಳಿಗಿಲೆ ಹಾಲು ಕುಡಿತಿತ್ತು, ನಂಗ ನೋಡಾಕ ಆಗ್ತಿದ್ದಿಲ್ರಿ."

"ಔಷಧ ಕೊಡ್ತಿದ್ದಿಲ್ಲೇನು?" ನೀರು ಹೊರಹಾಕುವ ಔಷಧ ಇಬ್ಬರು ಮಕ್ಕಳಿಗೂ ಕೊಟ್ಟಿದ್ದರು.

"ಅದು ಕೊಟ್ರ ಕುಡಿದದ್ದೆಲ್ಲಾ ಉಚ್ಚಿ ಹೊಯ್ತಾಳ್ರಿ. ತೂಕ ಹ್ಯಾಂಗ ಏರಬೇಕು? ಹತ್ತು ದಿನ ಆತು, ಬಿಟ್ಟೀನಿ."

ಅವಳು ಔಷಧ ಬಿಟ್ಟಿದ್ದಳು, ನಾನು ನಿಮಿಷ ಕದ್ದಿದ್ದೆ. ಇಬ್ಬರೂ ಆ ತಕ್ಕಡಿಯ ಮುಂದೆ ಮತ್ತೊಬ್ಬಳನ್ನು ಸೋಲಿಸಲು ಹೊರಟಿದ್ದೆವು. ಅವಳ ಪರವಾಗಿ ನಾನೇ ಒಳಗೆ ಹೋಗಿ ಡಾಕ್ಟರಿಗೆ ಔಷಧದ ವಿಷಯ ಹೇಳಿದೆ. ಅವರು ತಕ್ಷಣ ಬರೆದುಕೊಂಡರು.

ಇದರಿಂದ ನಾನು ಒಳ್ಳೆಯವಳಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಭಾಗ್ಯಳ ನೀರು ಇಳಿಸಿ, ಅವಳ ಮೂಗಿಗೂ ಟ್ಯೂಬ್ ಹಾಕಿ, ಇನ್ನು ಕಾಯುವುದು ಬೇಡವೆಂದು ಡಾಕ್ಟರು ಅವಳಿಗೇ ಮೊದಲು ಆಪರೇಷನ್ ಮಾಡಿದರು. ಐಸಿಯು ಹೊರಗೆ ಶರಣಮ್ಮನ ಕೈ ಹಿಡಿದುಕೊಂಡಿದ್ದೆ. ಆಗಲೂ ಒಳಗೊಂದು ದನಿ, ಅವಳದು ಮುಗಿಯಿತು, ನಿನ್ನದು ಬಾಕಿ, ಅನ್ನುತ್ತಿತ್ತು.

ಆಮೇಲೆ ಒಂಬತ್ತು ವಾರ ಇಪ್ಪತ್ತು ನಿಮಿಷವೆಂದರೆ ಇಪ್ಪತ್ತೇ ನಿಮಿಷ. ಅಳುತ್ತಿದ್ದವನನ್ನು ಎದೆಯಿಂದ ಬಿಡಿಸಿ ಅವ್ವನ ಕೈಗೆ ಕೊಡುತ್ತಿದ್ದೆ. ಸಿರಿಂಜ್ ನಾನೇ ಹಿಡಿಯುವುದನ್ನೂ ಕಲಿತೆ. ನಾಲ್ಕು ಕಿಲೋ ಆರುನೂರಕ್ಕೆ ಬಂದಾಗ ಸಾಕು ಅಂದರು. ಆಪರೇಷನ್ನಿನ ದಿನ ಬೆಳಿಗ್ಗೆ ಹಾಲು ಕೊಡುವಂತಿರಲಿಲ್ಲ. ಹನಿ ಹನಿ ತುರುಕಿದವಳಿಗೆ ಈಗ ಕೊಡಬೇಡ ಅನ್ನುತ್ತಿದ್ದರು. ನನ್ನ ವಾಸನೆಗೆ ಹೆಚ್ಚು ಅಳುತ್ತಾನೆಂದು ಅವ್ವ ಅವನನ್ನು ಎತ್ತಿಕೊಂಡು ದೂರ ಹೋದಳು. ನಾನು ಗೋಡೆಗೆ ಒರಗಿ ನಿಂತೆ. ಕುಪ್ಪಸ ಒದ್ದೆಯಾಯಿತು.

ನಾಲ್ಕು ಗಂಟೆ ಹಿಡಿಯಿತು. ತೂತು ಮುಚ್ಚಿದೆ ಅಂದರು. ಮುಂದೆಯೂ ತೋರಿಸುತ್ತಿರಬೇಕು ಅಂತಲೂ ಅಂದರು. ಎರಡನ್ನೂ ನೆನಪಿಟ್ಟುಕೊಂಡಿದ್ದೇನೆ.

ಮೊನ್ನೆ ಆಪರೇಷನ್ ಆಗಿ ಮೂರು ತಿಂಗಳ ತಪಾಸಣೆಗೆ ಹೋದಾಗ ಶರಣಮ್ಮನೂ ಬಂದಿದ್ದಳು. ಭಾಗ್ಯ ನನ್ನ ಮಗನಿಗಿಂತ ಮುನ್ನೂರು ಗ್ರಾಂ ಮುಂದಿದ್ದಾಳೆ. ಡಾಕ್ಟರು ಪಾದ ಒತ್ತಿ ನೋಡಿದರು, ನಾನೂ ಬಗ್ಗಿ ನೋಡಿದೆ. ಕುಳಿ ಬೀಳಲಿಲ್ಲ. ಎಲ್ಲವೂ ಅವಳದೇ ತೂಕ.

ಮನೆಗೆ ಬಂದು ಮುಖ ಗಂಟಿಕ್ಕಿಕೊಂಡು ಅವ್ವನಿಗೆ ಹೇಳಿದೆ.

"ಏನ್ ತಿನ್ನಸ್ತಾಳಂತ ಕೇಳಬೇಕಿತ್ತಲ್ಲ" ಅಂದಳು ಅವ್ವ.

ಕೇಳಿಕೊಂಡೇ ಬಂದಿದ್ದೆ. ಹೆಸರುಬೇಳೆ ಹುರಿಯಲು ಬಾಣಲೆ ಇಟ್ಟೆ.